ಉರಿ ನಂದಿದ ಮೇಲೆ ಅನಿಲವನ್ನು ತಡೆಯತಕ್ಕ ಕಾವಲು

ಸೌದೆಯ ಒಲೆಗೂ ಅನಿಲದ ಒಲೆಗೂ ಇರುವ ಭೇದಗಳಲ್ಲಿ ಬಹುಮಂದಿಯ ಗಮನಕ್ಕೆ ಬಾರದ ಒಂದು ಭೇದವುಂಟು. ಹಂಡೆಯ ಒಲೆಯಲ್ಲಿ ತೆಂಗಿನ ಮಟ್ಟೆಯೋ ಅಡಕೆಯ ಸಿಪ್ಪೆಯೋ ಉರಿಯುತ್ತಿದ್ದು, ನಡುವೆ ಉರಿ ನಂದಿಹೋದರೆ, ಸ್ವಲ್ಪ ಹೊಗೆಯೆದ್ದು ನೀರು ತಣ್ಣಗಾಗುವುದು, ಅಷ್ಟಕ್ಕೇ ಮುಗಿಯಿತು. ಸೌದೆಯು ತಾನಿದ್ದ ಒಲೆಯಲ್ಲಿಯೇ ಇರುವುದು. ಅನಿಲವು ಹಾಗಲ್ಲ. ಉರಿ ನಂದಿದರೂ ತಿರುಪು ತೆರೆದಿರುವವರೆಗೆ ಅದು ಸದ್ದಿಲ್ಲದೆ ಬರುತ್ತಲೇ ಇರುವುದು. ಕಣ್ಣಿಗೆ ಕಾಣದೆ ಕೋಣೆಯಲ್ಲಿ ಶೇಖರವಾಗುವುದು. ಎಲ್ಲಿಂದಲೋ ಒಂದು ಕಿಡಿ ದೊರೆತ ಕ್ಷಣದಲ್ಲಿ, ಒಲೆಯಲ್ಲಿ ಅರ್ಧ ಗಂಟೆ ಉರಿಯಬೇಕಾಗಿದ್ದುದು ಒಂದೇ ಸಲಕ್ಕೆ ಉರಿದುಹೋಗುವುದು. ಆದುದರಿಂದ ಅನಿಲವನ್ನು ಉರಿಸುವ ಯಾವ ಉಪಕರಣದಲ್ಲಿಯೇ ಆಗಲಿ, ಉರಿಯನ್ನು ಹೊತ್ತಿಸುವ ಭಾಗಕ್ಕಿಂತಲೂ, ಉರಿ ನಂದಿದಾಗ ಅನಿಲವನ್ನು ತಾನಾಗಿಯೇ ಮುಚ್ಚುವ ಭಾಗಕ್ಕೆ ಹೆಚ್ಚಿನ ಬೆಲೆ ಕೊಡತಕ್ಕದ್ದು ನ್ಯಾಯವಾಗಿದೆ.

ಇದು ಪಟ್ಟಣದವರ ವಿಚಾರವೆಂದು ಗ್ರಾಮಾಂತರದ ಮುಖಂಡರು ಬದಿಗಿರಿಸುವ ಕಾಲವು ಕಳೆದುಹೋಯಿತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ 14.2 ಕಿಲೋಗ್ರಾಂ ತೂಕದ ಸಿಲಿಂಡರು ಬಡವರ ಮನೆಗಳನ್ನೂ ಪ್ರವೇಶಿಸಿತು. ಅನುಕೂಲವಂತರ ಬಚ್ಚಲುಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಅನಿಲದ ಗೀಸರು ಬಂದಿದೆ. ಕೋಳಿ ಸಾಕುವವರಲ್ಲಿ ಕೆಲವರು ಇದ್ದಿಲನ್ನು ಬಿಟ್ಟು ಅನಿಲದ ಬ್ರೂಡರುಗಳಿಂದ ಮರಿಗಳಿಗೆ ಕಾವು ಕೊಡುತ್ತಿರುವರು. ಮಲೆನಾಡಿನ ಅನೇಕ ಮನೆಗಳಲ್ಲಿ ಗೋಬರ್ ಅನಿಲವು ಬಹುಕಾಲದಿಂದಲೂ ಬಳಕೆಯಲ್ಲಿದೆ. ಈ ಉಪಕರಣಗಳಿಗೆ ಹಣ ತೆರುವವರೂ, ಊರಿನ ಕಲ್ಯಾಣ ಮಂಟಪಕ್ಕೋ ವಿದ್ಯಾರ್ಥಿನಿಲಯಕ್ಕೋ ಯಾವುದನ್ನು ತರಿಸಬೇಕೆಂದು ತೀರ್ಮಾನಿಸುವವರೂ ಮುಖಂಡರು ಮತ್ತು ಜಮೀನುದಾರರೇ ಆಗಿರುವರು. ಅಂಗಡಿಯಲ್ಲಿ ಅವರು ಕೇಳುವ ಪ್ರಶ್ನೆಗಳಾದರೋ ಎರಡೇ: ನೀರು ಎಷ್ಟು ಬೇಗ ಕಾಯುವುದು, ಬೆಲೆ ಎಷ್ಟು. ಉರಿ ಕೆಟ್ಟರೆ ಇದು ಏನು ಮಾಡುವುದು ಎಂದು ಕೇಳುವವರು ವಿರಳ.

ಹೊತ್ತಿಸುವ ಉಪಾಯಗಳು ಮೂರು ಬಗೆ. ಬೆಂಕಿಕಡ್ಡಿಯದು ಎಲ್ಲರಿಗೂ ತಿಳಿದದ್ದೇ. ಎರಡನೆಯದು ಗುಂಡಿಯನ್ನು ಒತ್ತಿದೊಡನೆ 'ಟಕ್' ಎಂದು ಕಿಡಿ ಹಾರಿಸುವಂಥದು. ಇದರೊಳಗೆ ಒಂದು ಬಗೆಯ ಹರಳು ಇದ್ದು, ಅದಕ್ಕೆ ಪೆಟ್ಟು ಬಿದ್ದಾಗ ವಿದ್ಯುತ್ತು ಹುಟ್ಟುವುದು. ಹರಳುಗಳಿಗಿರುವ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಮೂರನೆಯದು ಬ್ಯಾಟರಿಯಿಂದ ಕಿಡಿ ಬರುವಂಥದು. ಯಾವ ಬಗೆಯದಾದರೂ ಪಾಲಿಸತಕ್ಕ ನಿಯಮವು ಒಂದೇ: ಮೊದಲು ಕಿಡಿ, ಆಮೇಲೆ ಅನಿಲ. ಅನಿಲವನ್ನು ಬಿಟ್ಟು ಕಡ್ಡಿಯನ್ನು ಹುಡುಕುತ್ತ ನಿಂತರೆ, ಅಥವಾ ಹತ್ತದ ಬರ್ನರಿಗೆ ಮತ್ತೆ ಮತ್ತೆ ಗುಂಡಿ ಒತ್ತುತ್ತ ಹೋದರೆ, ಆ ನಡುವೆ ಸೇರಿದ ಅನಿಲವೆಲ್ಲವೂ ಒಮ್ಮೆಲೇ ಭುಗಿಲೆದ್ದು ಮುಖವನ್ನು ಸುಡುವುದು. ಎರಡು ಸಲ ಪ್ರಯತ್ನಿಸಿಯೂ ಹತ್ತದಿದ್ದರೆ ತಿರುಪನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಐದು ನಿಮಿಷವಾದರೂ ಕಾಯತಕ್ಕದ್ದು.

ಸಿಲಿಂಡರಿನ ಅನಿಲವು ಪ್ರೊಪೇನ್, ಬ್ಯುಟೇನ್ ಎಂಬೆರಡರ ಮಿಶ್ರಣ. ಗಾಳಿಗಿಂತ ಭಾರವಾದುದರಿಂದ ಅದು ನೀರಿನಂತೆ ತಗ್ಗನ್ನು ಹುಡುಕಿಕೊಂಡು ನೆಲದ ಮೇಲೆ ಹರಡುವುದು. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲಿನಷ್ಟು ಬೆರೆತರೂ ಸಾಕು, ಹತ್ತಿಕೊಳ್ಳುವ ಯೋಗ್ಯತೆ ಅದಕ್ಕೆ ಬರುವುದು. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಒಂದು ಬಚ್ಚಲುಮನೆಯನ್ನು ತೆಗೆದುಕೊಳ್ಳೋಣ. ಅದರೊಳಗೆ ಹಿಡಿಯುವ ಗಾಳಿ 240 ಘನ ಅಡಿ. ಅದರ ನೂರಕ್ಕೆ ಎರಡು ಪಾಲೆಂದರೆ ಐದು ಘನ ಅಡಿಗಿಂತ ಕಡಿಮೆ. ಅಷ್ಟು ಅನಿಲದ ತೂಕ ಸುಮಾರು 300 ಗ್ರಾಂ. ಮನೆಬಳಕೆಯ ಸಾಧಾರಣ ಗೀಸರು ಗಂಟೆಗೆ 800ರಿಂದ 900 ಗ್ರಾಂ ಅನಿಲವನ್ನು ಉರಿಸುವುದರಿಂದ, ಉರಿ ಕೆಟ್ಟು ಅನಿಲ ಮಾತ್ರ ಬರುತ್ತಿದ್ದರೆ ಇಪ್ಪತ್ತು ನಿಮಿಷದಲ್ಲಿ ಇಡೀ ಕೋಣೆಯೇ ಸಿಡಿಮದ್ದಿನ ಕೋಣೆಯಾಗುವುದು. ಅನಿಲವು ಸಮನಾಗಿ ಬೆರೆಯದೆ ಕೆಳಗೇ ನಿಲ್ಲುವುದರಿಂದ ನೆಲದ ಮಟ್ಟದಲ್ಲಿ ಅಷ್ಟು ಹೊತ್ತೂ ಬೇಕಾಗಿಲ್ಲ. ಇಷ್ಟು ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡವರು ಕಾವಲಿಲ್ಲದ ಉಪಕರಣವನ್ನು ಅಗ್ಗವೆಂಬ ಕಾರಣದಿಂದ ಕೊಳ್ಳಲಾರರು.

ಆ ಕಾವಲು ಹೇಗೆ ಕೆಲಸ ಮಾಡುವುದೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ. ಏಕೆಂದರೆ ತಿಳಿಯದ ವಸ್ತುವನ್ನೇ ಜನರು ಕೆಡಿಸಿಬಿಡುವುದು. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ತುದಿಯಲ್ಲಿ ಬೆಸೆದು, ಬೆಸುಗೆಯ ತುದಿಗೆ ಶಾಖ ಕೊಟ್ಟರೆ ಅವುಗಳಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದೆಂಬುದನ್ನು ಜರ್ಮನ್ ಪಂಡಿತನಾದ ಸೀಬೆಕ್ ಎಂಬುವನು 1821ರಲ್ಲಿ ಕಂಡನು. ಇಂಥ ಜೋಡಿಗೆ ಥರ್ಮೋಕಪಲ್ ಎಂದು ಹೆಸರು. ಬರ್ನರಿನ ಪಕ್ಕದಲ್ಲಿ ಉರಿಗೆ ಚಾಚಿಕೊಂಡಿರುವ ಬೆರಳಿನಂಥ ಸಣ್ಣ ಲೋಹದ ಕಡ್ಡಿಯೇ ಅದು. ಅದರಲ್ಲಿ ಹುಟ್ಟುವ ಶಕ್ತಿಯು ಕೈದೀಪದ ಒಂದು ಸೆಲ್ಲಿನ ಐವತ್ತನೆಯ ಒಂದು ಪಾಲಿಗೆ ಸಮೀಪವಾದದ್ದು, ಎಂದರೆ ಸುಮಾರು 30 ಮಿಲಿವೋಲ್ಟು. ಆ ಶಕ್ತಿಯಿಂದ ಒಂದು ಪುಟ್ಟ ಅಯಸ್ಕಾಂತವು ಅನಿಲದ ವಾಲ್ವನ್ನು ತೆರೆದಂತೆ ಹಿಡಿದಿರುವುದು. ಉರಿ ನಂದಿತೋ, ಕಡ್ಡಿ ತಣ್ಣಗಾಗುವುದು, ವಿದ್ಯುತ್ತು ನಿಲ್ಲುವುದು, ಅಯಸ್ಕಾಂತದ ಹಿಡಿತ ಸಡಿಲವಾಗಿ, ಒಳಗಿನ ಸುರುಳಿಯು ವಾಲ್ವನ್ನು ತಳ್ಳಿ ಮುಚ್ಚಿಬಿಡುವುದು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಇದು ನಡೆದುಹೋಗುವುದು.

ಈ ಏರ್ಪಾಡಿನಲ್ಲಿ ಮೆಚ್ಚತಕ್ಕ ಸಂಗತಿ ಏನೆಂದರೆ, ಆ ಅಯಸ್ಕಾಂತಕ್ಕೆ ವಾಲ್ವನ್ನು ಹಿಡಿದಿರುವಷ್ಟು ಬಲವುಂಟೇ ಹೊರತು ತೆರೆಯುವಷ್ಟು ಬಲವಿಲ್ಲ. ತೆರೆಯಬೇಕಾದವನು ಮನುಷ್ಯ. ಆದುದರಿಂದಲೇ ಹೊತ್ತಿಸುವಾಗ ಗುಂಡಿಯನ್ನು ಕಡ್ಡಿ ಕಾಯುವವರೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಾಗುವುದು. ಇದು ಉಪಕರಣದ ದೋಷವೆಂದು ತಿಳಿದು ಗೊಣಗುವವರುಂಟು. ಕಡ್ಡಿ ಸವೆದರೂ, ತಂತಿ ಮುರಿದರೂ, ಮಸಿ ಕಟ್ಟಿದರೂ ಫಲವು ಒಂದೇ, ವಾಲ್ವು ಮುಚ್ಚಿಕೊಳ್ಳುವುದು. ಕೆಟ್ಟಾಗಲೂ ಕೇಡಿನ ಕಡೆಗೆ ವಾಲದಂಥ ಯಂತ್ರವು ಇದು. ಕಾವಲುಗಾರನು ಮೂರ್ಛೆ ಹೋದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತಿದ್ದರೆ ಹೇಗೋ ಹಾಗೆ.

ಬ್ಯಾಟರಿಯ ಗೀಸರುಗಳಲ್ಲಿ ಕ್ರಮವು ಬೇರೆ. ನಲ್ಲಿಯನ್ನು ತಿರುಗಿಸಿದಾಗ ನೀರಿನ ಒತ್ತಡದಿಂದ ಒಂದು ಸ್ವಿಚ್ಚು ಕೂಡಿ, ಕಿಡಿ ಹಾರಿ, ವಾಲ್ವು ತೆರೆಯುವುದು. ಉರಿಯ ಮೂಲಕ ವಿದ್ಯುತ್ತು ಅತಿ ಸ್ವಲ್ಪವಾಗಿ ಹರಿಯಬಲ್ಲದು. ಉರಿಗೆ ತಾಗುವಂತೆ ನಿಲ್ಲಿಸಿದ ಇನ್ನೊಂದು ಕಡ್ಡಿಯು ಈ ಹರಿವಿನಿಂದ ಉರಿ ಇದೆಯೆಂದು ತಿಳಿಸುತ್ತಿರುವುದು. ಹರಿವು ನಿಂತರೆ ಕೆಲವೇ ಸೆಕೆಂಡುಗಳಲ್ಲಿ ವಾಲ್ವು ಮುಚ್ಚುವುದು. ಇದು ಥರ್ಮೋಕಪಲ್ಲಿಗಿಂತ ಚುರುಕು. ಆದರೆ ಕಡ್ಡಿಗೆ ಮಸಿ ಹತ್ತಿದರೆ ಉರಿಯಿದ್ದರೂ ಇಲ್ಲವೆಂದು ತಿಳಿದು ಮುಚ್ಚಿಬಿಡುವುದುಂಟು.

ತೊಂದರೆಯೆಲ್ಲ ಇಲ್ಲಿಂದ ಆರಂಭವಾಗುವುದು. ಕಾವಲು ಆಗಾಗ್ಗೆ ಅನಿಲವನ್ನು ಮುಚ್ಚಿದರೆ ಬಳಸುವವನಿಗೆ ಬೇಸರ. ರಿಪೇರಿಗೆ ಬಂದವನು ಕಾರಣವನ್ನು ಹುಡುಕುವ ಬದಲು, ಕಾವಲನ್ನೇ ತಪ್ಪಿಸಿ, ಗುಂಡಿಗೆ ಬೆಣೆ ಹೊಡೆದೋ ತಂತಿ ಬಿಗಿದೋ, 'ಇನ್ನು ನಿಲ್ಲುವುದಿಲ್ಲ' ಎಂದು ಹೇಳಿ ಕೂಲಿ ಪಡೆದು ಹೋಗುವನು. ಅವನ ಮಾತು ಸತ್ಯವೇ. ಇನ್ನು ಏನಾದರೂ ಅದು ನಿಲ್ಲುವುದಿಲ್ಲ. ಕೋಳಿಮನೆಗಳಲ್ಲಿ ಈ ದುರಭ್ಯಾಸಕ್ಕೆ ಹೆಚ್ಚಿನ ಪ್ರಲೋಭನೆಯುಂಟೆಂಬುದನ್ನು ಒಪ್ಪಲೇಬೇಕು. ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ವಾರದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖವು ಬೇಕು. ಆಮೇಲೆ ವಾರಕ್ಕೆ ಐದು ಡಿಗ್ರಿಯಂತೆ ಇಳಿಸುವರು. ಮಾರ್ಗಶಿರದ ಚಳಿಯಲ್ಲಿ ನಡುರಾತ್ರಿ ಬ್ರೂಡರು ನಿಂತುಹೋದರೆ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುವುವು. ಬೆಳಗಿನಲ್ಲಿ ಯಜಮಾನನಿಗೆ ಉತ್ತರ ಹೇಳಬೇಕಾದವನು ಕೂಲಿಯಾಳು. ಅವನು ಬೆಣೆ ಹೊಡೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಆ ಆಳು ಮಲಗುವುದು ಅದೇ ಮನೆಯ ಮೂಲೆಯಲ್ಲಿ. ಸುತ್ತಲೂ ಪರದೆಗಳನ್ನು ಇಳಿಬಿಟ್ಟಿರುವರು. ಕೆಳಗೆ ಹೊಟ್ಟಿನ ಹಾಸು. ಒಂದು ಬ್ರೂಡರು ಆರಿದರೂ ಪಕ್ಕದಲ್ಲಿ ಮತ್ತೊಂದು ಉರಿಯುತ್ತಿರುವುದು. ಕಿಡಿಯನ್ನು ಬೇರೆಲ್ಲಿಂದಲೂ ತರಬೇಕಾಗಿಲ್ಲ.

ಇಂಥಲ್ಲಿ ತಪ್ಪು ಆಳಿನದೆನ್ನುವುದಕ್ಕಿಂತ ಯಜಮಾನನದೆನ್ನುವುದೇ ಯುಕ್ತ. ಬ್ರೂಡರು ಪದೇ ಪದೇ ನಿಲ್ಲುವುದಕ್ಕೆ ಕಾರಣಗಳು ಬಹುಮಟ್ಟಿಗೆ ಅಲ್ಪವಾದವು: ಸಣ್ಣ ರಂಧ್ರದಲ್ಲಿ ಪುಕ್ಕದ ದೂಳು, ಗಾಳಿ ಸೇರುವ ಕೊಳವೆಯಲ್ಲಿ ಜೇಡನ ಬಲೆ, ಮಸಿ ಹಿಡಿದ ಕಡ್ಡಿ, ಉರಿಯಿಂದ ಪಕ್ಕಕ್ಕೆ ಸರಿದ ಕಡ್ಡಿ, ಪರದೆಯ ಸಂದಿನಿಂದ ನೇರವಾಗಿ ಬೀಸುವ ಗಾಳಿ. ಮರಿಗಳನ್ನು ಬಿಡುವ ಮುನ್ನ ಪ್ರತಿಯೊಂದು ಸಲವೂ ಇವನ್ನು ಶುದ್ಧಪಡಿಸಿದರೆ ಮುಕ್ಕಾಲು ಪಾಲು ಉಪದ್ರವವು ತಪ್ಪುವುದು. ಕಡ್ಡಿಯು ಸವೆಯುವ ವಸ್ತು. ನೇಗಿಲಿನ ಕುಳದಂತೆ ಅದನ್ನು ಕಾಲಕಾಲಕ್ಕೆ ಬದಲಾಯಿಸತಕ್ಕದ್ದು. ಇದರ ಮೇಲೂ ರಾತ್ರಿಯ ಭಯವಿದ್ದರೆ, ಬೇಕಾದುದಕ್ಕಿಂತ ಒಂದು ಬ್ರೂಡರನ್ನು ಹೆಚ್ಚಾಗಿ ಇರಿಸಲಿ. ಆಳಿಗೆ ಎರಡು ಸಲ ಎದ್ದು ನೋಡುವುದಕ್ಕೆ ಕೂಲಿಯನ್ನು ಕೊಡಲಿ. ಮರಿಗಳ ಬೆಲೆಯನ್ನು ಲೆಕ್ಕ ಹಾಕುವವರು ಆಳಿನ ಪ್ರಾಣವನ್ನು ಆ ಲೆಕ್ಕದಿಂದ ಬಿಡಕೂಡದು.

'ಅನಿಲ ಸೋರಿದರೆ ವಾಸನೆ ಬರುವುದಲ್ಲ, ಅದೇ ಸಾಲದೆ?' ಎಂಬ ಆಕ್ಷೇಪಣೆಯು ಸಹಜ. ಆ ವಾಸನೆಯು ಅನಿಲದ್ದಲ್ಲ. ಎಚ್ಚರಿಕೆಗಾಗಿ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ದ್ರವ್ಯವನ್ನು ಬೆರೆಸಿರುವುದರಿಂದ ಬರತಕ್ಕದ್ದು. ಇದನ್ನು ಕಡ್ಡಾಯಪಡಿಸುವುದಕ್ಕೆ ಕಾರಣವಾದ ಅನಾಹುತಗಳಲ್ಲಿ ಮುಖ್ಯವಾದುದು ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನಲ್ಲಿ 1937ರ ಮಾರ್ಚ್ 18ರಂದು ನಡೆಯಿತು. ಅಲ್ಲಿಯ ಶಾಲೆಯ ಆಡಳಿತದವರು ಖರ್ಚನ್ನು ಉಳಿಸುವುದಕ್ಕಾಗಿ, ಕ್ರಮವಾಗಿ ಬರುತ್ತಿದ್ದ ಅನಿಲವನ್ನು ಬಿಟ್ಟು, ಎಣ್ಣೆಬಾವಿಗಳ ಕಡೆಯಿಂದ ಬರುವ ವಾಸನೆಯಿಲ್ಲದ ಅನಿಲದ ಕೊಳವೆಗೆ ಜೋಡಣೆ ಮಾಡಿಸಿದ್ದರು. ಅದು ಸೋರಿ ಕಟ್ಟಡದ ಕೆಳಗೆ ಶೇಖರವಾಗಿದ್ದುದು ಯಾರಿಗೂ ತಿಳಿಯಲಿಲ್ಲ. ಮರವನ್ನು ಉಜ್ಜುವ ವಿದ್ಯುತ್ ಯಂತ್ರವೊಂದರ ಕಿಡಿ ತಗಲಿ ಶಾಲೆಯೇ ಕುಸಿದು, ಮಕ್ಕಳೂ ಉಪಾಧ್ಯಾಯರೂ ಸೇರಿ ಮುನ್ನೂರಕ್ಕೆ ಸಮೀಪ ಮಂದಿ ಮಡಿದರು. ಊರಿನ ಹಿರಿಯರು ಸದುದ್ದೇಶದಿಂದಲೇ ಮಾಡಿದ ಉಳಿತಾಯವದು.

ವಾಸನೆಯಿಂದ ಉಪಕಾರವಿರುವುದು ಹೌದು. ಆದರೆ ನಿದ್ರೆಯಲ್ಲಿರುವವನ ಮೂಗು ಕೆಲಸ ಮಾಡದು, ನೆಗಡಿಯಾದವನಿಗೆ ತಿಳಿಯದು, ಹಳೆಯ ಹಾಸಿನ ಮೇಲೆಯೇ ಮರಿಗಳನ್ನು ಬಿಟ್ಟಿರುವ ಕೋಳಿಮನೆಯ ಅಮೋನಿಯದ ಘಾಟಿನಲ್ಲಿ ಬೇರೆ ಯಾವ ವಾಸನೆಯೂ ಗೊತ್ತಾಗದು. ಮೂಗನ್ನು ಎರಡನೆಯ ಕಾವಲಾಗಿ ಇಟ್ಟುಕೊಳ್ಳಬಹುದು, ಮೊದಲನೆಯದಾಗಿ ಅಲ್ಲ.

ಗೋಬರ್ ಅನಿಲದ ವಿಷಯದಲ್ಲಿ ಬೇರೆಯಾಗಿಯೇ ಹೇಳಬೇಕಾದ ಮಾತುಗಳಿವೆ. ಉತ್ತರ ಕನ್ನಡದ ಶಿರಸಿ ತಾಲ್ಲೂಕು ಈ ಅನಿಲದ ಸ್ಥಾವರಗಳ ಯಶಸ್ಸಿಗೆ ಹೆಸರಾದುದು. ಈ ಅನಿಲದಲ್ಲಿ ಮೀಥೇನ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಿಕ್ಕಿದ್ದು ಬಹುತೇಕ ಉರಿಯದಿರುವ ಇಂಗಾಲಾಮ್ಲ ವಾಯು. ಆದುದರಿಂದ ಇದರ ಉರಿಯು ಮಂದಗತಿಯದು. ಒತ್ತಡ ಹೆಚ್ಚಾದರೆ ಬರ್ನರಿನಿಂದ ಮೇಲಕ್ಕೆದ್ದು ನಂದಿಹೋಗುವುದು. ದೀನಬಂಧು ಮಾದರಿಯ ಸ್ಥಿರ ಗುಮ್ಮಟದಲ್ಲಿ ಅನಿಲ ತೀರುತ್ತ ಬಂದಂತೆ ಒತ್ತಡವೂ ಇಳಿಯುವುದು. ಇವೆರಡಕ್ಕಿಂತ ಮೋಸದ ಕಾರಣವು ಕೊಳವೆಯೊಳಗಿನ ನೀರು. ಗುಂಡಿಯಿಂದ ಹಬೆಯೊಡನೆ ಬಂದ ಅನಿಲವು ಕೊಳವೆಯಲ್ಲಿ ತಣ್ಣಗಾಗಿ, ತಗ್ಗಿದ ಕಡೆ ನೀರು ನಿಲ್ಲುವುದು. ಆ ನೀರು ಅನಿಲಕ್ಕೆ ಕ್ಷಣಕಾಲ ಅಡ್ಡವಾಗುವುದು, ಉರಿ ಆರುವುದು, ಮರುಕ್ಷಣವೇ ಅನಿಲವು ನೀರನ್ನು ನೂಕಿಕೊಂಡು ಪುನಃ ಬರುವುದು. ಒಲೆಯ ಮುಂದೆ ಇಲ್ಲದ ಗೃಹಿಣಿಗೆ ಇದು ಹೇಗೆ ತಿಳಿಯಬೇಕು? ಕೊಳವೆಯನ್ನು ಒಂದೇ ಇಳಿಜಾರಿನಲ್ಲಿ ಹಾಕಿಸಿ, ಅತಿ ತಗ್ಗಿನ ಸ್ಥಳದಲ್ಲಿ ನೀರು ಬಿಡುವ ತಿರುಪನ್ನು ಇಡಿಸಿ, ವಾರಕ್ಕೊಮ್ಮೆ ತಪ್ಪದೆ ನೀರನ್ನು ಬಿಡಿಸತಕ್ಕದ್ದು. ಹೊಸ ಗುಂಡಿಯಲ್ಲಿ ಮೊದಲು ಹುಟ್ಟುವ ಅನಿಲವು ಗಾಳಿಯೊಡನೆ ಬೆರೆತಿರುವುದರಿಂದ ಅದಕ್ಕೆ ಬೆಂಕಿ ಹಚ್ಚದೆ ಬಯಲಿಗೆ ಬಿಟ್ಟುಬಿಡಬೇಕು. ಉರಿಯು ಕೊಳವೆಯೊಳಗೆ ಹಿಂದಕ್ಕೆ ನುಗ್ಗದಂತೆ ಒಲೆಯ ಹತ್ತಿರ ತಾಮ್ರದ ಸಣ್ಣ ಜಾಲರಿಯನ್ನು ಇಡುವುದು ಲೇಸು. ಲೋಹದ ಜಾಲರಿಯು ಶಾಖವನ್ನು ಹೀರಿ ಉರಿಯನ್ನು ತಡೆಯುವುದೆಂಬ ಈ ತತ್ವದ ಮೇಲೆಯೇ ಸರ್ ಹಂಫ್ರಿ ಡೇವಿಯು 1815ರಲ್ಲಿ ಕಲ್ಲಿದ್ದಲಿನ ಗಣಿಗಾರರಿಗಾಗಿ ತನ್ನ ದೀಪವನ್ನು ರಚಿಸಿದನು. ಗಂಧಕದ ಅಂಶವು ತಾಮ್ರ ಹಿತ್ತಾಳೆಗಳನ್ನು ತಿನ್ನುವುದರಿಂದ, ಜಾಲರಿಯನ್ನೂ ತಿರುಪುಗಳನ್ನೂ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಅದೇ ಗಂಧಕದ ಅಂಶದಿಂದಲೇ ಗೋಬರ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಶುದ್ಧಿಮಾಡಿ ಆ ಅಂಶವನ್ನು ತೆಗೆದವರು ಎಚ್ಚರಿಕೆಯ ವಾಸನೆಯನ್ನೂ ತೆಗೆದಂತಾಯಿತೆಂಬುದನ್ನು ಮರೆಯಬಾರದು. ಸಿಲಿಂಡರಿನ ಅನಿಲಕ್ಕಾಗಿ ಮಾಡಿದ ಗೀಸರನ್ನು ರಂಧ್ರಗಳನ್ನು ಬದಲಾಯಿಸದೆ ಗೋಬರ್ ಅನಿಲಕ್ಕೆ ಜೋಡಿಸುವುದು ಸರ್ವಥಾ ಕೂಡದು.

ಇಷ್ಟೆಲ್ಲ ಹೊಗಳಿದ ಈ ಕಾವಲಿಗೂ ಒಂದು ಮಿತಿಯುಂಟು. ಅದು ಉರಿ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ನೋಡಬಲ್ಲದು. ಉರಿಯು ಸರಿಯಾಗಿ ಉರಿಯುತ್ತಿದೆಯೇ ಎಂಬುದನ್ನು ನೋಡಲಾರದು. ಒಂದು ಪಾಲು ಅನಿಲವು ಚೆನ್ನಾಗಿ ಉರಿಯುವುದಕ್ಕೆ ಇಪ್ಪತ್ತನಾಲ್ಕರಿಂದ ಮೂವತ್ತು ಪಾಲು ಗಾಳಿ ಬೇಕು. ಬಾಗಿಲು ಹಾಕಿದ ಬಚ್ಚಲಿನಲ್ಲಿ ಅಷ್ಟು ಗಾಳಿ ದೊರೆಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುವುದು. ಸ್ನಾನಕ್ಕೆ ಹೋದವರು ತಲೆ ಸುತ್ತಿ ಕುಳಿತಲ್ಲಿಯೇ ಪ್ರಾಣ ಬಿಟ್ಟ ಪ್ರಸಂಗಗಳು ಬೆಂಗಳೂರಿನಲ್ಲಿಯೇ ಹಲವು ಬಾರಿ ವರದಿಯಾಗಿವೆ. ಆಗ ಗೀಸರು ಕೆಟ್ಟಿರಬೇಕೆಂಬ ನಿಯಮವೇನೂ ಇಲ್ಲ. ಉರಿ ಇರುವವರೆಗೆ ಕಾವಲು ತನ್ನ ಕೆಲಸ ಸರಿಯಾಗಿದೆಯೆಂದೇ ತಿಳಿದಿರುವುದು. 1868ರಲ್ಲಿ ಲಂಡನ್ನಿನ ಮಾನ್ ಎಂಬುವನು ಮೊತ್ತಮೊದಲು ಗೀಸರನ್ನು ರಚಿಸಿದಾಗಲೂ ಹೊಗೆಯ ಕೊಳವೆಯನ್ನು ಇಟ್ಟಿರಲಿಲ್ಲ. ಆ ದೋಷವು ನಮ್ಮ ಬಚ್ಚಲುಗಳಲ್ಲಿ ಇನ್ನೂ ಮುಂದುವರಿದಿರುವುದು ಶೋಚನೀಯ. ಆಮ್ಲಜನಕವು ಕುಗ್ಗಿದಾಗ ಅನಿಲವನ್ನು ಮುಚ್ಚುವ ಸಾಧನಗಳೂ ಇವೆ; ಕೆಲವು ಗೀಸರುಗಳು ಇಪ್ಪತ್ತು ನಿಮಿಷಕ್ಕೆ ತಾವಾಗಿಯೇ ನಿಲ್ಲುವುವು. ಇವೆಲ್ಲವೂ ಒಳ್ಳೆಯವೇ. ಆದರೂ ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಗೋಡೆಯ ಮೇಲೆ ಇರಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರುವುದಕ್ಕೆ ಸಮನಾದ ರಕ್ಷಣೆ ಬೇರೊಂದಿಲ್ಲ. ಹತ್ತು ಅಡಿ ಕೊಳವೆಯ ಖರ್ಚು ಅದು.

ಅಡಿಗೆಯ ಸಾಧಾರಣ ಒಲೆಗಳಲ್ಲಿ ಬಹುಪಾಲಿಗೆ ಈ ಕಾವಲು ಇರುವುದಿಲ್ಲ. ಮುಂದೆ ಯಾರಾದರೂ ನಿಂತಿರುವರಾದುದರಿಂದ ಮನೆಗಳಲ್ಲಿ ಇದನ್ನು ಹೇಗೋ ಸಹಿಸಬಹುದು. ಹಾಲು ಉಕ್ಕಿ ಉರಿ ಆರಿದರೆ ತಿಳಿಯುವುದು. ಆದರೆ ಗೀಸರು, ಬ್ರೂಡರು, ಕಲ್ಯಾಣ ಮಂಟಪದ ನೀರಿನ ಬಾಯ್ಲರು ಇವುಗಳ ಮುಂದೆ ಯಾರೂ ನಿಂತಿರುವುದಿಲ್ಲ. ಸಾರ್ವಜನಿಕ ಹಣದಿಂದ ಇವನ್ನು ಕೊಳ್ಳುವಾಗ ಬೇಡಿಕೆಪತ್ರದಲ್ಲಿಯೇ, ಉರಿ ನಂದಿದಾಗ ತಾನಾಗಿ ಮುಚ್ಚುವ ಸಾಧನವಿರತಕ್ಕದ್ದೆಂದು ಬರೆಯಿಸಬೇಕು. ಮನೆಯ ಗೀಸರಿಗೆ ಭಾರತೀಯ ಮಾನಕ 15558ರ ಗುರುತು ಇದೆಯೇ ಎಂದು ನೋಡಬೇಕು. ರಿಪೇರಿಯವನು ಬಂದುಹೋದ ಮೇಲೆ ಕಾವಲು ಉಳಿದಿದೆಯೇ ಎಂದು ಪರೀಕ್ಷಿಸುವ ಹೊಣೆಯನ್ನು ಒಬ್ಬನಿಗೆ ಒಪ್ಪಿಸಬೇಕು.

ಆ ಪರೀಕ್ಷೆಗೆ ವಿದ್ಯೆಯೇನೂ ಬೇಕಾಗಿಲ್ಲ, ಅನಿಲವೂ ನಷ್ಟವಾಗದು. ಉಪಕರಣವನ್ನು ಹೊತ್ತಿಸಿ ಐದು ನಿಮಿಷ ಉರಿಯಲು ಬಿಟ್ಟು, ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿಬಿಡಬೇಕು. ಉರಿ ಆರುವುದು. ಆಗ ಕಿವಿಗೊಟ್ಟು ಎಣಿಸುತ್ತ ಹೋದರೆ, ಅರುವತ್ತು ಎಣಿಸುವುದರೊಳಗೆ ಒಳಗಿನ ವಾಲ್ವು 'ಟಕ್' ಎಂದು ಬೀಳುವ ಶಬ್ದವು ಕೇಳಿಸಬೇಕು. ಬ್ಯಾಟರಿಯ ಗೀಸರಾದರೆ ನಲ್ಲಿಯನ್ನು ತೆರೆದಿಟ್ಟೇ ಇದನ್ನು ಮಾಡಿ, ಕಿಡಿಯ ಸದ್ದು ನಿಂತ ಮೇಲೆ ರೆಗ್ಯುಲೇಟರನ್ನು ಪುನಃ ತೆರೆಯಬೇಕು. ನಲ್ಲಿಯನ್ನು ಮುಚ್ಚಿ ಮತ್ತೆ ತಿರುಗಿಸುವವರೆಗೆ ಬರ್ನರಿನಲ್ಲಿ ಅನಿಲವು ಬರಕೂಡದು. ಶಬ್ದವು ಕೇಳದಿದ್ದರೆ, ಅಥವಾ ಅನಿಲವು ಬಂದರೆ, ರೆಗ್ಯುಲೇಟರನ್ನು ಅಲ್ಲಿಯೇ ಮುಚ್ಚಿ, ಹೊಸ ಕಡ್ಡಿಯೋ ಹೊಸ ವಾಲ್ವೋ ಬರುವವರೆಗೆ ಹಳೆಯ ಹಂಡೆಯಲ್ಲಿ ನೀರು ಕಾಯಿಸಿಕೊಳ್ಳುವುದು ಒಳ್ಳೆಯದು.